ಇಬ್ಬರು ಸಿಟ್ಟಿನವರಿಗೆ ಒಂದೇ ಲೈನು

ಕಳೆದ ಮಂಗಳವಾರ ಬೆಳಿಗ್ಗೆ ಇಬ್ಬರು ದೊಡ್ಡ ಮನುಷ್ಯರು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಲೈನಿನಲ್ಲಿ ಬಾಯಿಗೆ ಬಂದಂತೆ ಬೈದಾಡಿಕೊಂಡರು. 'ನಿನ್ನ ನೌಕರಿ ತೆಗೆಸ್ತೀನಿ' ಎಂದು ಒಬ್ಬರು. 'ಸಂಬಳ ತಕಂಡು ನೊಣ ಹೊಡೂದಾ?' ಎಂದು ಇನ್ನೊಬ್ಬರು. ತಾವು ಬೈಯುತ್ತಿರುವುದು ಟೆಲಿಫೋನ್ ಆಪರೇಟರಿಗೆ ಎಂದು ಇಬ್ಬರೂ ತಿಳಿದಿದ್ದರು. ಇಬ್ಬರಲ್ಲಿ ಒಬ್ಬರೂ ಆಪರೇಟರ್ ಅಲ್ಲ!

ಅರ್ಥವಾಗಲಿಲ್ಲವೇ? ಹೇಳುತ್ತೇನೆ, ಇರಿ. ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆದುಹೋಗುತ್ತದೆ. ಈ ಒಂದು ವಾರ ಅದು ಹೇಗೆ ತಡೆದುಕೊಂಡಿತೋ ನನಗೇ ಆಶ್ಚರ್ಯ.

ನಾನು ಆಪರೇಟರ್ ಎಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಎಕ್ಸ್‌ಚೇಂಜ್ ಯಾವ ಊರಿನದು ಎಂದು ಮಾತ್ರ ಹೇಳುವುದಿಲ್ಲ. ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರರಲ್ಲಿ ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ. (ನಮ್ಮ ಮೇಲಿನವರು ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಓದಿದರೆಂದರೆ ನನಗೆ ಬೀದರಿಗೆ ವರ್ಗ ಖಂಡಿತ.)

ನಮ್ಮ ಕೆಲಸ ನೋಡದವರಿಗೆ ಎರಡು ಮಾತು. ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಫೋನಿನ ಹ್ಯಾಂಡಲ್ ತಿರುಗಿಸುತ್ತೀರಿ. ನಮ್ಮ ಬೋರ್ಡಿನಲ್ಲಿ ನಿಮ್ಮ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತದೆ. ನಾವು ಒಂದು ವೈರಿನ ತುದಿಯನ್ನು ಅದರ ತೂತಿಗೆ ಚುಚ್ಚಿ 'ನಂಬರ್ ಪ್ಲೀಸ್' ಅನ್ನುತ್ತೇವೆ. ನೀವು ನಂಬರ್ ಹೇಳುತ್ತೀರಿ. ವೈರಿನ ಇನ್ನೊಂದು ತುದಿಯನ್ನು ಆ ನಂಬರಿನ ತೂತಿಗೆ ಚುಚ್ಚುತ್ತೇವೆ. ಮಾತಾಡಿ. ಇಷ್ಟೇ ಕೆಲಸ. ಕೇಳಿದರೆ ಮಕ್ಕಳಾಟ ಅನ್ನಿಸುತ್ತದೆ ಅಲ್ಲವೇ?

ಆದರೆ ಹೊರ ಊರಿನ ಟ್ರಂಕ್ ಕಾಲ್ ಬಂದಾಗ ನೋಡಬೇಕು ಮಜಾ. ಮಳೆಗೆ ಕಂಬ ಬಿದ್ದರೆ ಬೈಗುಳ ನಮಗೆ. ಮಂಗಳೂರಿನವರು ಎತ್ತದಿದ್ದರೆ ಬೈಗುಳ ನಮಗೆ. ಬೊಂಬಾಯಿಯ ಅಳಿಯ ಮನೆಯಲ್ಲಿಲ್ಲದಿದ್ದರೂ ಬೈಗುಳ ನಮಗೇ! ಮುಖ ಕಾಣದ ಕಾರಣ ಜನರಿಗೆ ಧೈರ್ಯ ಬಹಳ. ಎದುರಿಗೆ ಸಿಕ್ಕರೆ 'ಆರಾಮ ಇದ್ರಿ ಅಕ್ಕ?' ಎಂದು ಕೇಳುವ ಅದೇ ಬಾಯಿ, ಫೋನ್ ಹಿಡಿದ ಕೂಡಲೇ ಬೇರೆಯೇ ಆಗುತ್ತದೆ.

ಇದನ್ನು ದಿನಾ ಕೇಳಿ ನಾವು ಹುಚ್ಚು ಹಿಡಿಯದೆ ಹೇಗೆ ಉಳಿದೆವು? ಒಬ್ಬೊಬ್ಬರದು ಒಂದೊಂದು ಉಪಾಯ. ನಮ್ಮ ಸುಪರ್‌ವೈಸರ್ ಶಾನಭಾಗ ಮಾಮನದು ನಶ್ಯ. ಯಾರು ಎಷ್ಟೇ ಕೂಗಾಡಲಿ, ಒಂದು ಚಿಟಿಕೆ ಏರಿಸಿ 'ಆತು, ಆತು, ಮಾಡುವ' ಅನ್ನುತ್ತಾರೆ. ಬರುವ ವರ್ಷ ರಿಟೈರ್ ಆಗುವ ಮನುಷ್ಯ, ಸರ್ವಿಸ್ ಪೂರ್ತಿ ಆ ಒಂದು ಶಬ್ದದ ಮೇಲೇ ದಾಟಿಸಿದ್ದಾರೆ. ನಾನು ಮನಸ್ಸಿನಲ್ಲೇ ನಿಮಗೆ ಅಂಕಣ ಬರೆಯುತ್ತೇನೆ. (ನನಗೆ ಬೈದವರೆಲ್ಲ ಒಂದಲ್ಲ ಒಂದು ವಾರ ಇಲ್ಲಿ ಬಂದು ಹೋಗಿದ್ದಾರೆ. ಗುರುತು ಹಿಡಿದಿರಾ?)

ಗಣಪತಿ ಹೆಗಡೆಯದು ಎಲ್ಲರಿಗಿಂತ ಅಪಾಯದ ಉಪಾಯ. ನಮ್ಮಲ್ಲಿ ಅವನೊಬ್ಬನೇ ಗಂಡು ಆಪರೇಟರ್, ತೋಟದ ಕಡೆಯ ಹುಡುಗ, ಬಾಯಿ ತುಂಬ ಎಲೆಯಡಿಕೆ ಕವಳ, ತಲೆ ತುಂಬ ಕಿತಾಪತಿ. ಒಂದೇ ಹೊತ್ತಿಗೆ ಇಬ್ಬರು ಸಿಟ್ಟಿನವರು ಲೈನಿಗೆ ಬಂದರೆ ಅವನು ಒಬ್ಬರಿಗೂ ಉತ್ತರ ಕೊಡುವುದಿಲ್ಲ. ಇವರ ವೈರನ್ನು ಅವರ ತೂತಿಗೆ ಚುಚ್ಚಿ ಸುಮ್ಮನೆ ಕೂರುತ್ತಾನೆ! ಇಬ್ಬರೂ ಎದುರಿಗಿದ್ದವನೇ ಆಪರೇಟರ್ ಎಂದುಕೊಂಡು ಮನದಣಿಯೆ ಬೈಯುತ್ತಾರೆ. ಸುಸ್ತಾದ ಮೇಲೆ ಇವನು ವೈರ್ ಎಳೆದು, ಜೇನಿನಂಥ ದನಿಯಲ್ಲಿ 'ನಂಬರ್ ಪ್ಲೀಸ್' ಅನ್ನುತ್ತಾನೆ. ಆಗ ಇಬ್ಬರೂ ತಣ್ಣಗೆ ನಂಬರ್ ಹೇಳುತ್ತಾರೆ. ಅಪರೂಪಕ್ಕೊಮ್ಮೆ ಮಾಡುತ್ತಿದ್ದ ಆಟ ಇದು. ಹೊರಗೆ ಒಂದು ನೊಣಕ್ಕೂ ಗೊತ್ತಿರಲಿಲ್ಲ.

ಯಾವ ಉಪಾಯವೂ ಇಲ್ಲದವಳು ಮಾದೇವಿ ಒಬ್ಬಳೇ.

ಮಾದೇವಿ ಕಡಲ ಬದಿಯ ಬೆಳಕೆ ಎಂಬ ಊರಿನವಳು. ಅಪ್ಪ, ಅಣ್ಣಂದಿರು ದೋಣಿಯವರು, ಅಮ್ಮ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಬರುವವಳು. ಅವರ ಇಡೀ ಕೇರಿಗೇ ಕುರ್ಚಿಯ ಮೇಲೆ ಕೂತು ಮಾಡುವ ನೌಕರಿ ಹಿಡಿದವರಲ್ಲಿ ಇವಳೇ ಮೊದಲು. ಕೆಲಸಕ್ಕೆ ಸೇರಿದ್ದರೂ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಬೈಗುಳ ಕೇಳಿದರೆ ಉತ್ತರಿಸದೆ, ನಗದೆ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದಳು. ಒಂದು ದಿನ ಡಬ್ಬಿಯ ಅನ್ನ ಮುಟ್ಟದೆ ಕೂತಿದ್ದಳು.

"ಎಂತ ಆಯ್ತೆ?" ಅಂದೆ.

"ಲಲಿತಕ್ಕ, ನಮ್ಮ ಕೇರೀಲಿ ಬೈದ್ರೆ ಎದ್ರಿಗೆ ಬಂದು ಬೈತ್ರು. ನಾವೂ ಒಂದು ಹೇಳೂದು. ಸಂಜಿಗೆ ಸಮ ಆತದೆ. ಇಲ್ಲಿ ಯಾರು ಬೈದ್ರು ಅಂತ್ಲೇ ಗೊತ್ತಾಗೂದಿಲ್ಲ. ಯಾರ ಹತ್ರ ಸಮ ಮಾಡ್ಕಳೂದು?"

ನಾನು ಡಬ್ಬಿಯನ್ನು ಅವಳ ಮುಂದೆ ಸರಿಸಿದೆ. ಗಣಪತಿ ಅವಳನ್ನು ನಗಿಸಲೆಂದು ತನ್ನ ಆಟದ ಕತೆ ಹೇಳಿದ. ಅವಳು ನಕ್ಕಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಈಗ ಮಂಗಳವಾರಕ್ಕೆ ಬನ್ನಿ. ಅಂದು ಇನ್‌ಸ್ಪೆಕ್ಷನ್. ಹಿಂದಿನ ದಿನವೇ ನಮ್ಮ ಇಲಾಖೆಯ ಸಾಹೇಬರು ಬಂದು ಐಬಿಯಲ್ಲಿ, ಅಂದರೆ ಸರ್ಕಾರಿ ಬಂಗಲೆಯಲ್ಲಿ, ಇಳಿದಿದ್ದರು. ಮೈಸೂರು ಕಡೆಯವರು, ಇಸ್ತ್ರಿ ಮುರಿಯದ ಅಂಗಿ. ಅವರಿಗೆ ಎರಡು ಕೆಲಸ. ಒಂದು, ಮಾದೇವಿಯನ್ನು ಪರ್ಮನೆಂಟ್ ಮಾಡಬಹುದೇ ಎಂದು ನೋಡಿ ಬರೆಯುವುದು. ಇನ್ನೊಂದು, ನಮಗೆಲ್ಲ ಭಾಷಣ ಮಾಡುವುದು. ವಿಷಯ ಏನು ಗೊತ್ತೇ? 'ನೌಕರರ ಗುಣಬಲ ಮತ್ತು ಕೆಲಸದ ಒತ್ತಡ'! ಪ್ರತಿಯೊಬ್ಬ ನೌಕರನಲ್ಲೂ ಹುಟ್ಟಿನಿಂದ ಒಂದು ಒಳ್ಳೆಯ ಗುಣ ಇರುತ್ತದಂತೆ, ಟೆನ್ಶನ್ ಬಂದಾಗ ಅದನ್ನೇ ಊರುಗೋಲು ಮಾಡಿಕೊಳ್ಳಬೇಕಂತೆ. ಶಾನಭಾಗ ಮಾಮ ಬೆಳಗಿನಿಂದ ಹಿಂದಿನ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಗಣಪತಿಯನ್ನು ಸಾಹೇಬರ ಬ್ಯಾಗು ಹಿಡಿಯಲು ಐಬಿಗೆ ಕಳಿಸಿದ್ದರು. ಬೋರ್ಡಿನಲ್ಲಿ ನಾನು ಮತ್ತು ಮಾದೇವಿ.

ಅದೇ ಹೊತ್ತಿಗೆ ಮಳೆ. ಘಟ್ಟದ ಕೆಳಗೆ ಎಲ್ಲೋ ಕಂಬ ಬಿದ್ದು ಟ್ರಂಕ್ ಲೈನೆಲ್ಲ ಸತ್ತು, ಒಂದೇ ಒಂದು ಕುಂಟುತ್ತಾ ಉಳಿದಿತ್ತು. ಅದೇ ಬೆಳಿಗ್ಗೆ ಬಂದರಿನಲ್ಲಿ ಬಂಗಡೆ ಮೀನು ರಾಶಿ ಬಿದ್ದಿತ್ತು. ಅದೇ ಬೆಳಿಗ್ಗೆ ಐಸ್ ಪ್ಲಾಂಟಿನ ಮಶೀನು ಕೆಟ್ಟು ಕೂತಿತ್ತು! ಪ್ಲಾಂಟಿನ ಮಾಲೀಕ ವಾಮನಣ್ಣನಿಗೆ ಮಂಗಳೂರಿನ ಮೆಕ್ಯಾನಿಕ್ ಬೇಕು, ಈಗಲೇ ಬೇಕು. ಮೀನು ಕಾಯುತ್ತದೆಯೇ? ಐಬಿಯಲ್ಲಿದ್ದ ಸಾಹೇಬರಿಗೆ ಹುಬ್ಬಳ್ಳಿಯ ತಮ್ಮ ದೊಡ್ಡ ಸಾಹೇಬರು ಬೇಕು. ಅದೂ ಈಗಲೇ. ಬೆಳಿಗ್ಗೆ ಅಲ್ಲಿಯ ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೆ ಯಾವುದೋ ವರದಿ ಹೇಳಬೇಕಿತ್ತಂತೆ, ಆ ಹೊತ್ತು ದಾಟಿಹೋಗಿತ್ತು.

ನಾನು ಟ್ರಂಕ್ ಲೈನಿನ ಕುತ್ತಿಗೆ ಹಿಡಿದು ಕೂತಿದ್ದೆ. ಊರಿನ ಲೈನೆಲ್ಲ ಮಾದೇವಿಯ ಮೇಲೆ. ಟಪ್! ವಾಮನಣ್ಣ. "ಬಂತನೆ ಮಂಗ್ಳೂರು? ನಿದ್ದಿ ಮಾಡ್ತಿದ್ರ್ಯ?" ಟಪ್! ಸಾಹೇಬರು. "ಏನಮ್ಮಾ, ಯಾರು ನಿನ್ನ ಈ ಸೀಟಲ್ಲಿ ಕೂರ್ಸಿದ್ದು?" ಟಪ್! ವಾಮನಣ್ಣ. ಟಪ್! ಸಾಹೇಬರು. ಪ್ರತಿ ಸಲವೂ ಮಾದೇವಿ 'ಟ್ರೈ ಮಾಡ್ತಾ ಇದ್ದೇವೆ ಸರ್' ಎಂದಳು. ಅವಳ ದನಿ ಸಣ್ಣದಾಗುತ್ತಾ ಬಂತು. ಕೊನೆಗೆ ಇಬ್ಬರ ಮುಚ್ಚಳವೂ ಒಟ್ಟಿಗೇ ಬಿದ್ದವು.

ಅವಳು ಎರಡನ್ನೂ ನೋಡಿದಳು. ನಾನು ಅವಳನ್ನು ನೋಡಿದೆ. ಬೇಡ ಮಾರಾಯ್ತಿ ಎಂದು ಕೈ ಎತ್ತುವಷ್ಟರಲ್ಲಿ ಐಬಿಯ ವೈರು ಐಸ್ ಪ್ಲಾಂಟಿನ ತೂತಿನಲ್ಲಿತ್ತು!

"ಹಲೋ! ಎಂತ ಮಾಡ್ತಿದ್ದೆ ಇಷ್ಟೊತ್ತು?" ಇದು ವಾಮನಣ್ಣ.

"ಯಾರ ಹತ್ರ ಮಾತಾಡ್ತಾ ಇದೀಯ ಗೊತ್ತೇನಯ್ಯಾ?" ಇದು ಸಾಹೇಬರು.

"ಗೊತ್ತಿಲ್ದೆ ಎಂತ? ಬೆಳಗಿಂದ ನಿಮ್ಮ ಹತ್ರವೇ ಬಡ್ಕಳ್ತಾ ಇದ್ದೆ! ಈಗ ಗಂಡಸ್ರು ಕೂತ್ರಾ? ಸಂಬಳ ತಕಂಡು ನೊಣ ಹೊಡೂದಾ?"

"ಏಯ್! ನಿನ್ನ ಸಸ್ಪೆಂಡ್ ಮಾಡ್ತೀನಿ!"

"ನೀ ಎಂತ ನನ್ನ ಸಸ್ಪೆಂಡ್ ಮಾಡೂದು? ಇಲ್ಲಿ ನನ್ನ ಐಸೆಲ್ಲ ನೀರಾಗ್ತದೆ!"

"ಐಸಾ? ಡ್ಯೂಟಿ ಮೇಲೆ ಕೂತು ಐಸ್ ತಿಂತಾ ಇದೀಯಾ? ನಿನ್ನ ನೌಕರಿ ತೆಗೆಸ್ತೀನಿ!"

ನಾನು ಸೆರಗಿನಿಂದ ಬಾಯಿ ಒತ್ತಿ ಹಿಡಿದೆ. ಕಣ್ಣಲ್ಲಿ ನೀರು. ಇಷ್ಟು ವರ್ಷ ಈ ಬೋರ್ಡಿನ ಮುಂದೆ ಕೂತು ನಾನು ಅನುಭವಿಸಿದ ಪರಮ ಸುಖ ಇದು ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ! ಆದರೆ 'ನೌಕರಿ' ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಮಾದೇವಿ ವೈರು ಕಿತ್ತಳು.

"ಲಲಿತಕ್ಕ, ನನ್ನ ನೌಕ್ರಿ ಹೋಯ್ತು" ಅಂದಳು.

ನಗು ಅಲ್ಲೇ ನಿಂತಿತು. ಹೌದಲ್ಲ! ಇವಳ ಹಣೆಬರಹ ಬರೆಯಲು ಬಂದ ಮನುಷ್ಯನಿಗೇ ಇವಳು ಬೈಗುಳ ತಿನ್ನಿಸಿಬಿಟ್ಟಳಲ್ಲ! ಪರ್ಮನೆಂಟ್ ಆದವರಿಗೆ ಎಚ್ಚರಿಕೆಯ ಮೆಮೊ ಕೊಟ್ಟು ಬಿಡುತ್ತಾರೆ, ಆಗದವರಿಗೆ ಮನೆಯ ದಾರಿಯೇ.

ಸ್ವಲ್ಪ ಹೊತ್ತಿಗೆ ಜೀಪು ಬಂದು ನಿಂತ ಸದ್ದು. ಸಾಹೇಬರು ಒಳಗೆ ನುಗ್ಗಿದರು. ಹಿಂದೆ ಬ್ಯಾಗು ಹಿಡಿದ ಗಣಪತಿ, ಕಣ್ಣಿನಲ್ಲೇ 'ಎಂತ ಆತೇ?' ಎಂದು ಕೇಳುತ್ತಿದ್ದ.

"ಯಾರ್ರೀ ಆ ಗಂಡಸು? ಯಾರು ಲೈನಲ್ಲಿದ್ದದ್ದು?"

ಗಂಡು ಆಪರೇಟರ್ ಎಂದರೆ ಗಣಪತಿ ಒಬ್ಬನೇ. ಅವನ ಜೀವ ಹಾರಿತು. ಅವಸರದಲ್ಲಿ ಮನೆಮಾತೇ ಬಂತು. "ಆನಲ್ಲ ಸರ್! ಯಂಗೆ ಎಂತದೂ ಗೊತ್ತಿಲ್ಲೆ! ಆನು ನಿಮ್ಮ ಬುಡದಲ್ಲೇ ಇದ್ದಿದ್ನಲ ಸರ್!"

ಸಾಹೇಬರಿಗೆ ಮಾತು ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿಯಿತು. ಹೌದು, ಫೋನಿನಲ್ಲಿ ಕೂಗುವಾಗ ಇವನು ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿದ್ದ. ಹಾಗಾದರೆ ಉಳಿದ ಗಂಡಸು ಯಾರು? ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಕುರ್ಚಿಯೊಂದನ್ನು ಎತ್ತಿಕೊಂಡೇ ಶಾನಭಾಗ ಮಾಮ ಬಂದರು.

"ಓಹೋ. ನೀವಾ?" ಸಾಹೇಬರು ಅವರತ್ತ ತಿರುಗಿದರು. "ಇಷ್ಟು ವಯಸ್ಸಾಗಿದೆ. ನಾಚಿಕೆ ಆಗಲ್ವಾ? ಮೇಲಕ್ಕೆ ಬರೀಬೇಕಾಗುತ್ತೆ, ಪೆನ್ಶನ್‌ಗೆ ತೊಂದರೆ ಆಗುತ್ತೆ!"

ಮಾಮನಿಗೆ ಇದರ ತಲೆಬುಡ ತಿಳಿಯಲಿಲ್ಲ. ಸಿಟ್ಟಿನವರನ್ನು ಕಂಡರೆ ಅವರ ಬಾಯಲ್ಲಿ ಬರುವುದು ಒಂದೇ. "ಆತು ಸರ್, ಆತು. ಕೂತ್ಕಳಿ." ಕುರ್ಚಿ ಮುಂದಿಟ್ಟರು. ತಪ್ಪೊಪ್ಪಿಕೊಂಡ ಹಾಗೇ ಇತ್ತು!

ಬಾಯಿ ಬಿಟ್ಟರೆ ಮಾದೇವಿಯ ನೌಕರಿ, ಬಿಡದಿದ್ದರೆ ಮಾಮನ ಪೆನ್ಶನ್. ನೀವಾದರೆ ಏನು ಮಾಡುತ್ತಿದ್ದಿರಿ? ಮಾದೇವಿ ಏಳಲು ಹೊರಟಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಗುಡುಗು. ವಾಮನಣ್ಣ! ಮೊಳಕಾಲಿನ ತನಕ ಮಡಚಿ ಕಟ್ಟಿದ ಪಂಚೆ, ನೀರು ಸುರಿಯುವ ಕೊಡೆ.

"ಯಾರಂವ ಹೊಸ ಆಪರೇಟರು? ನನಗೆ ಸಸ್ಪೆಂಡ್ ಮಾಡ್ತೆ ಹೇಳ್ದಂವ? ಹೊರಗೆ ಬರುಕೆ ಹೇಳಿ ಅವನಿಗೆ!"

ಸಾಹೇಬರು ರೇಗಿದರು. "ಏನ್ರೀ ಇದು? ಇದೇನು ಮೀನು ಮಾರ್ಕೆಟ್ಟಾ? ಯಾರ ಹತ್ರ ಮಾತಾಡ್ತಾ ಇದೀರ ಗೊತ್ತಾ?"

ವಾಮನಣ್ಣ ಅಲ್ಲೇ ನಿಂತರು. ಕೊಡೆಯ ತುದಿ ನಿಧಾನವಾಗಿ ಸಾಹೇಬರ ಕಡೆ ಎದ್ದಿತು.

"ಇದೇ ದನಿ! ಇಂವನೇ! ನೀನೇ ಅಲ್ವ ಆ ಆಪರೇಟರು?"

ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಯೋಚನೆಗೆ ಬಿತ್ತು. "ಐಸು..." ಎಂದರು, ತಮಗೆ ತಾವೇ. ಆಮೇಲೆ ಇಬ್ಬರೂ ಒಟ್ಟಿಗೇ ಬೋರ್ಡಿನ ಕಡೆ ತಿರುಗಿದರು.

ಮಾದೇವಿ ಎದ್ದು ನಿಂತಿದ್ದಳು. ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟಳು.

"ಮಾಮ ಅಲ್ಲ ಸರ್. ಯಾರೂ ಅಲ್ಲ. ಲೈನು ಕೊಟ್ಟವಳು ನಾನು."

"ಯಾಕೆ?" ಎಂದರು ಸಾಹೇಬರು. "ಯಾಕಮ್ಮ ಮಾಡ್ದೆ?"

"ನಿಮ್ಗೆ ವಾಮನಣ್ಣನ ಮೇಲೆ ಸಿಟ್ಟಿಲ್ಲ. ವಾಮನಣ್ಣಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇಬ್ಬರಿಗೂ ನನ್ನ ಮೇಲೂ ಸಿಟ್ಟಿಲ್ಲ ಸರ್. ಕಂಬ ಬಿದ್ದದೆ, ಅದಕ್ಕೆ ಬೈಯುಕೆ ಆಗೂದಿಲ್ಲ, ನನಗೆ ಬೈದ್ರಿ. ಬೆಳಗಿಂದ ಇಬ್ಬರ ನಡುವೆ ನಾ ಕೂತಿದ್ದೆ. ಒಂದ್ಸಲ ನಡುವಿಂದ ಎದ್ದೆ. ಅಷ್ಟೇ ಸರ್ ನಾ ಮಾಡ್ದದ್ದು."

ಅಬ್ಬ! ನನಗೆ ಎದ್ದು ಹೋಗಿ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಇಷ್ಟು ವರ್ಷಗಳಲ್ಲಿ ನಾವ್ಯಾರೂ ಈ ಮಾತು ಹೇಳಿರಲಿಲ್ಲ. ಮಾಮ ನಶ್ಯ ಏರಿಸಿದರು, ಗಣಪತಿ ಕದ್ದು ನಕ್ಕ, ನಾನು ಅಂಕಣ ಬರೆದೆ. ಬೈದವರ ಮುಖ ನೋಡಿ ಹೇಳಿದವಳು ಇವಳು. ಕೇರಿಯಲ್ಲಿ ಕಲಿತ ರೀತಿಯಲ್ಲೇ, ಎದುರಿಗೆ ನಿಂತು ಲೆಕ್ಕ ಸಮ ಮಾಡಿಕೊಂಡಳು. ಗುಣಬಲ ಎಂದರೆ ಇದೇ ಇರಬೇಕು. ಸಾಹೇಬರ ಭಾಷಣದಲ್ಲಿ ಅದಕ್ಕೆ ಯಾವ ಹೆಸರಿತ್ತೋ ನನಗೆ ಗೊತ್ತಾಗಲೇ ಇಲ್ಲ, ಆ ಭಾಷಣ ನಡೆಯಲಿಲ್ಲ.

ಅಷ್ಟಕ್ಕೆ ನಿಲ್ಲಲಿಲ್ಲ. ಗಣಪತಿ ಬ್ಯಾಗು ಕೆಳಗಿಟ್ಟು ಮುಂದೆ ಬಂದ. "ಆ ಆಟ ಕಲ್ಸಿದ್ದು ನಾನು ಸರ್. ಅವಳಿಗೆ ಮೊದ್ಲು ಗೊತ್ತಿತ್ತಿಲ್ಲೆ." ಧೈರ್ಯವೂ ನೆಗಡಿಯ ಹಾಗೆ ಪಕ್ಕದವರಿಗೆ ಅಂಟುತ್ತದೆ ಎಂದು ಅವತ್ತು ನೋಡಿದೆ.

ಸಾಹೇಬರು ಬಾಯಿ ತೆರೆದರು. ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಟ್ರಂಕ್ ಲೈನಿನ ಮುಚ್ಚಳ ಟಪ್ ಎಂದಿತು! ನಾನು ಹೆಡ್‌ಫೋನ್ ಒತ್ತಿಕೊಂಡೆ. "ಮಂಗ್ಳೂರು! ಮಂಗ್ಳೂರು ಬಂತು!" ಎಂದು ಕೂಗಿದೆ. ಲೈನು ಈಗಿತ್ತು, ಈಗಿಲ್ಲ.

"ಸರ್, ಒಂದ್ನಿಮಿಷ" ಎಂದಳು ಮಾದೇವಿ. ವಿಚಾರಣೆಯ ನಡುವೆ ಸಾಹೇಬರಿಗೇ ಬೆನ್ನು ತಿರುಗಿಸಿ ಸೀಟಿಗೆ ಹಾರಿದಳು. ವೈರು ಚುಚ್ಚಿ, ಗೋಡೆಯ ಫೋನು ತೋರಿಸಿ, "ವಾಮನಣ್ಣ, ಅದ್ರಲ್ಲಿ ಮಾತಾಡಿ, ಬೇಗ!" ಎಂದಳು. ವಾಮನಣ್ಣ ಕೊಡೆ ಬಿಸಾಕಿ ಓಡಿದರು. ದನಿ ಬರುತ್ತಿತ್ತು, ಹೋಗುತ್ತಿತ್ತು. ಆಚೆಯವನು ಹೇಳಿದ್ದು ಕೇಳದಾದಾಗ ಮಾದೇವಿಯೇ ನಡುವೆ ನುಗ್ಗಿ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳಿದಳು. ಯಾವ ಸಾಮಾನು ಮುರಿದಿದೆ, ಯಾವುದು ತರಬೇಕು, ಯಾವ ಬಸ್ಸಿಗೆ ಹೊರಡಬೇಕು, ಎಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೆವು, ಸಾಹೇಬರೂ! ಮಧ್ಯಾಹ್ನದ ಬಸ್ಸಿಗೆ ಬರುತ್ತಾನಂತೆ ಎಂದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. (ಇನ್‌ಸ್ಪೆಕ್ಷನ್ ದಿನ ಚಪ್ಪಾಳೆ ತಟ್ಟಬಾರದು ಎಂದು ಯಾವ ರೂಲಿನಲ್ಲೂ ಇಲ್ಲ.)

ವಾಮನಣ್ಣ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಕೊಡೆ ಎತ್ತಿಕೊಂಡು ಮಾದೇವಿಯ ಹತ್ತಿರ ಬಂದು, "ನಮ್ಮ ಬೆಳಕೆ ಹುಡ್ಗಿ ಅಲ್ವನೆ ನೀನು? ನಿನ್ನ ಅಪ್ಪಯ್ಯ ನಮ್ಮಲ್ಲೇ ಐಸ್ ಒಯ್ಯೂದು. ಮುಖ ಕಂಡಿದ್ರೆ ನಾ ಹಾಂಗೆ ಬೈತಿದ್ನಾ?" ಎಂದರು. ಸಾಹೇಬರ ಕಡೆ ತಿರುಗಿ ಗಟ್ಟಿಯಾಗಿ, "ಈ ಹುಡುಗೀನ ತೆಗೀಬೇಡಿ ಆಯ್ತಾ? ತೆಗೆದ್ರೆ ನಾ ಮತ್ತೆ ಫೋನ್ ಮಾಡ್ತೆ!" ಎಂದು ಬೆದರಿಸಿ ಹೋದರು.

ಸಾಹೇಬರು ಮಾಮ ಕೊಟ್ಟ ಕುರ್ಚಿಯಲ್ಲಿ ಕೂತರು. "ಆದರೂ ಮೆಮೊ ಕೊಡಬೇಕಾಗುತ್ತಮ್ಮ" ಎಂದರು, ದನಿ ಮಾತ್ರ ಮೊದಲಿನದಲ್ಲ. ಮಾದೇವಿ ಹೂಂ ಎಂದು ತಲೆ ಆಡಿಸಿದಳು. "ಕೊಡಿ ಸರ್. ಮಾಡಿದ್ದೇನೆ, ತಗಳ್ತೆ."

ಆಗ ಹುಬ್ಬಳ್ಳಿ ಬಂತು. ದೊಡ್ಡ ಸಾಹೇಬರು!

ನಮ್ಮ ಸಾಹೇಬರು ಎದ್ದು ನಿಂತೇ ಫೋನು ಹಿಡಿದರು. ಆಚೆಯ ದನಿ ಎಂಥದ್ದೆಂದರೆ, ವೈರು ಇಲ್ಲದಿದ್ದರೂ ಹುಬ್ಬಳ್ಳಿಯಿಂದ ನೇರ ಕೇಳುತ್ತಿತ್ತೇನೋ. ಬೆಳಿಗ್ಗೆ ಯಾಕೆ ಹೇಳಲಿಲ್ಲ, ನಿದ್ದೆ ಮಾಡುತ್ತಿದ್ದಿರಾ, ಯಾರು ನಿಮ್ಮನ್ನು ಈ ಸೀಟಿನಲ್ಲಿ ಕೂರಿಸಿದ್ದು. ಸಾಹೇಬರು "ಎಸ್ ಸರ್... ಕಂಬ ಬಿದ್ದು ಸರ್... ಎಸ್ ಸರ್" ಅನ್ನುತ್ತಾ ಹೋದರು. ನಾವು ನೆಲ ನೋಡುತ್ತಾ ನಿಂತಿದ್ದೆವು. ನಿಜ ಹೇಳಲೇ? ನನಗೆ ಖುಷಿಯಾಗಲಿಲ್ಲ. ಇಸ್ತ್ರಿ ಅಂಗಿಯ ಬೆನ್ನು ಬೆವರಿಗೆ ಅಂಟಿದ್ದು ಕಂಡು ಅಯ್ಯೋ ಅನ್ನಿಸಿತು. ಶಾನಭಾಗ ಮಾಮ ಸುಮ್ಮನೆ ಹೋಗಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು.

ಫೋನು ಇಟ್ಟು, ಸಾಹೇಬರು ನೀರು ಕುಡಿದರು. ಮೆಮೊ ಮಾತು ಮತ್ತೆ ಎತ್ತಲಿಲ್ಲ. ಹೊರಡುವಾಗ ಮಾದೇವಿಯ ಕನ್ಫರ್ಮೇಶನ್ನಿಗೆ ನಮ್ಮೆದುರೇ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ, ಯಾರಿಗೂ ಕೇಳಬಾರದೆಂಬಂತೆ ಅವಳ ಹತ್ತಿರ ಬಾಗಿ ಕೇಳಿದರು:

"ಮುಂದಿನ ಸಲ ಈ ಹುಬ್ಬಳ್ಳಿ ಲೈನನ್ನೂ ಬೇರೆ ಯಾರಾದ್ರೂ ಸಿಟ್ಟಿನವರಿಗೆ ಕೊಡೋಕೆ ಆಗುತ್ತಾಮ್ಮ?"